ನಕ್ಷೆ ಒಗೆಯುತ್ತಿದ್ದ ಮನೆ

ನಮ್ಮ ಮನೆಯಲ್ಲಿ ನಕ್ಷೆಗಳನ್ನು ಒಗೆಯುತ್ತಿದ್ದರು. ಅಪ್ಪ ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿದ್ದ. ಹಳೆಯ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳ ಮೇಲೆ ಮಸಿಯ ಪೆನ್ನು ಓಡಿಸುವುದು ಅವನ ಕೆಲಸ. ಆ ಬಟ್ಟೆ ನೋಡಲು ಕಾಗದದಂತೆಯೇ ಇರುತ್ತಿತ್ತು. ತಿಳಿನೀಲಿ ಬಣ್ಣ, ಒಂದು ಮಗ್ಗುಲು ಗಾಜಿನಂತೆ ನುಣುಪು, ಮಡಿಸಿದರೆ ಚರ್ರೆನ್ನುವಷ್ಟು ಬಿರುಸು. ಆದರೆ ಅದು ಕಾಗದವಲ್ಲ, ಗಂಜಿ ಹಾಕಿ ಗಟ್ಟಿ ಮಾಡಿದ ಒಳ್ಳೆಯ ಹತ್ತಿಬಟ್ಟೆ. ಬಿಸಿನೀರಿನಲ್ಲಿ ನೆನೆಸಿದರೆ ಗಂಜಿ ಕರಗಿ, ಗಂಜಿಯ ಜೊತೆಗೆ ಕಪ್ಪು ಮಸಿಯೂ ಎದ್ದುಹೋಗಿ, ಮಲ್ಲಿನಂಥ ಮೆತ್ತನೆಯ ಬಟ್ಟೆ ಕೈಯಲ್ಲಿ ಉಳಿಯುತ್ತಿತ್ತು. ಇದು ಆ ಕಚೇರಿಯ ಎಲ್ಲ ಟ್ರೇಸರುಗಳ ಹೆಂಡಿರಿಗೂ ಗೊತ್ತಿದ್ದ ಗುಟ್ಟು. ರದ್ದಾದ ಹಾಳೆಗಳನ್ನು ಗಂಡಸರು ಸುರುಳಿ ಸುತ್ತಿ ಮನೆಗೆ ತರುತ್ತಿದ್ದರು, ಹೆಂಗಸರು ಹಂಡೆಗೆ ಹಾಕುತ್ತಿದ್ದರು. ಮೊಸರು ಸೋಸುವ ಬಟ್ಟೆ, ಅಪ್ಪನ ಕರವಸ್ತ್ರ, ಅಕ್ಕನ ಪೆಟಿಕೋಟು, ನನ್ನ ಚಡ್ಡಿ, ಎಲ್ಲವೂ ಒಂದು ಕಾಲಕ್ಕೆ ಯಾವುದೋ ಊರಿನ ಕೆರೆ, ದಾರಿ, ಗಡಿಕಲ್ಲುಗಳಾಗಿದ್ದವು. ಕಪ್ಪು ಪೂರ್ತಿ ಹೋಗುತ್ತಿತ್ತು. ಕೆಂಪು ಮಾತ್ರ ಹೋಗುತ್ತಿರಲಿಲ್ಲ. ನಕ್ಷೆಯಲ್ಲಿ ಮನೆಗಳನ್ನು ಕೆಂಪು ಮಸಿಯಲ್ಲಿ ತೋರಿಸುತ್ತಿದ್ದುದರಿಂದ, ನಾವು ಹಾಕಿಕೊಳ್ಳುತ್ತಿದ್ದ ಬಟ್ಟೆಗಳ ಮೇಲೆ ಮಾಸಲು ಗುಲಾಬಿ ಬಣ್ಣದ ಚುಕ್ಕೆಗಳು ಗುಂಪುಗುಂಪಾಗಿ ಉಳಿದುಬಿಡುತ್ತಿದ್ದವು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಅವುಗಳನ್ನು ನೋಡಿ ಊರು ಗುರುತಿಸುವ ಆಟ ಆಡುತ್ತಿದ್ದಳು.

"ನಿನ್ ಕುಂಡಿ ಮ್ಯಾಲೆ ಬೇಗೂರ್ ಅದೆ ಕಣ್ಲಾ."

ಬೇಗೂರು ಅವ್ವನ ತವರು. ಅವ್ವ ಒಲೆಯ ಮುಂದಿನಿಂದಲೇ, ನನ್ನ ತೌರೂರಿನ ಮೇಲೆ ಕೂತ್ಕೊಳ್ಳೋದಾದ್ರೆ ನೆಲ ನೋಡಿ ಕೂತ್ಕೊಳ್ಳಲಿ ಅವನು, ಎಂದು ನಗುತ್ತಿದ್ದಳು.

ಊಟಿ ರಸ್ತೆಯ ಹಿಂದಿನ ಬೀದಿಯಲ್ಲಿ ನಮ್ಮದು ಬಾಡಿಗೆ ಮನೆ. ಮೂರು ಕೋಣೆಗಳು ರೈಲುಡಬ್ಬಿಗಳ ಹಾಗೆ ಒಂದರ ಹಿಂದೊಂದು. ಮುಂದಿನದರಲ್ಲಿ ಅಪ್ಪನ ಇಳಿಜಾರು ಮೇಜು, ನಡುವಿನದರಲ್ಲಿ ಹಾಸಿಗೆಗಳು, ಕೊನೆಯದು ಅಡುಗೆಮನೆ, ಅದರಾಚೆ ಹಿತ್ತಲು. ಮುಂದಿನ ಬಾಗಿಲು ತೆರೆದರೆ ಕೇರಳಕ್ಕೆ ಹೋಗುವ ಲಾರಿಗಳ ಸದ್ದು, ಹಿಂದಿನದನ್ನು ತೆರೆದರೆ ಗೋಪಾಲಸ್ವಾಮಿ ಬೆಟ್ಟ. ಹಿತ್ತಲ ಗೋಡೆ ಮೋಟಾಗಿದ್ದುದರಿಂದ ಬೆಟ್ಟ ಗೋಡೆಯ ಮೇಲೇ ಕೂತಂತೆ ಕಾಣುತ್ತಿತ್ತು. ಅದರ ತಲೆಯ ಮೇಲೆ ಮಂಜು ಇದ್ದರೆ ಅವ್ವ ಅವತ್ತು ಬಟ್ಟೆ ನೆನೆಸುತ್ತಿರಲಿಲ್ಲ. ಅಪ್ಪ ಕಚೇರಿಯ ಕೆಲಸವನ್ನು ಮನೆಗೂ ತರುತ್ತಿದ್ದ. ಮೇಜಿನ ಮೇಲೆ ಹಾಳೆ ಇರುವಾಗ ಮುಂದಿನ ಕೋಣೆಯಲ್ಲಿ ನೀರು ಕುಡಿಯುವಂತಿಲ್ಲ, ತಲೆ ಬಾಚುವಂತಿಲ್ಲ, ಸೀನು ಬಂದರೆ ಹಿತ್ತಲಿಗೆ ಓಡಬೇಕು. ಬೆವರು ಬಿದ್ದರೆ ಬಟ್ಟೆಯ ಮೇಲೆ ಬಿಳಿ ಕಲೆಯಾಗುತ್ತದೆಂದು ಅವನು ಬೇಸಿಗೆಯಲ್ಲೂ ಮುಂಗೈಗೆ ಟವೆಲು ಸುತ್ತಿಕೊಂಡಿರುತ್ತಿದ್ದ. ಊಟಕ್ಕೆ ಕೂತಾಗಲೂ ಬಲಗೈಯ ಎರಡು ಬೆರಳು ಪೆನ್ನು ಹಿಡಿದಂತೆಯೇ ಇರುತ್ತಿದ್ದವು. ಮುದ್ದೆ ಮುರಿಯುವಾಗಲೂ ಅವನು ಗೆರೆ ತಪ್ಪದ ಮನುಷ್ಯ. ಇಷ್ಟನ್ನು ನಾನು ಧೈರ್ಯವಾಗಿ ಬರೆಯಬಲ್ಲೆ, ಯಾಕೆಂದರೆ ಅಕ್ಕನೂ ಹೀಗೆಯೇ ಹೇಳುತ್ತಾಳೆ. ಇನ್ನು ಮುಂದೆ ಬರೆಯುವುದರ ಬಗ್ಗೆ ನನಗೆ ಆ ಧೈರ್ಯವಿಲ್ಲ.

ಸಂತೆಯ ದಿನಗಳಲ್ಲಿ ಬೊಮ್ಮಿ ಬರುತ್ತಿದ್ದಳು. ಹಂಗಳದಾಚೆ, ಕಾಡಿನೊಳಗೆ ಇದ್ದ ನೇರಳಹಟ್ಟಿ ಎಂಬ ಹಾಡಿಯ ಜೇನುಕುರುಬರ ಹೆಂಗಸು. ಜೇನು, ಮಾಗಳಿ ಬೇರು, ಕೆಲವೊಮ್ಮೆ ನೆಲ್ಲಿಕಾಯಿ. ಮುಂಬಾಗಿಲಿಗೆ ಬರುತ್ತಿರಲಿಲ್ಲ, ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅವಳ ಕಾಫಿ ಲೋಟ ಒಳಗೆ ಬರುತ್ತಿರಲಿಲ್ಲ, ಸೂರಿನ ಸಂದಿಯಲ್ಲಿ ಬೋರಲಾಗಿ ಇರುತ್ತಿತ್ತು. ಅವ್ವ ಅವಳನ್ನು ಬಹಳ ಹಚ್ಚಿಕೊಂಡಿದ್ದಳು, ಅವಳು ಬಾರದ ವಾರ ಎರಡು ಸಲ ಓಣಿಗೆ ಹೋಗಿ ನೋಡಿ ಬರುತ್ತಿದ್ದಳು. ಆದರೂ ಲೋಟ ಸೂರಿನಲ್ಲಿಯೇ ಇತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದನ್ನು ನಾನು ಕಲಿತದ್ದು ಬಹಳ ತಡವಾಗಿ. ಬೊಮ್ಮಿ ನನ್ನನ್ನು ಕಾಡಿನ ಮಾತಿನಲ್ಲಿ ಏನೋ ಕರೆಯುತ್ತಿದ್ದಳು. ಅದೇನೆಂದು ನೆನಪಿಲ್ಲ. ಆ ವರ್ಷ ಅವಳು ಬಸುರಿಯಾಗಿದ್ದಳು. ಬೇರಿನ ಚೀಲವನ್ನು ಹೊಟ್ಟೆಯ ಒಂದು ಮಗ್ಗುಲಿಗೆ ಸರಿಸಿ ಇಟ್ಟುಕೊಂಡು ನಡೆಯುತ್ತಿದ್ದಳು.

ಈಗ ಒಂದು ಹಾಳೆಯ ವಿಷಯ. ಮುಂದೆ ಕಾಲೇಜು ಮೇಷ್ಟರಾಗಿ ನಾನು ತರಗತಿಗಳಲ್ಲಿ ಮೂವತ್ತು ವರ್ಷ ಹೇಳಿಕೊಂಡು ಬಂದ ಪ್ರಕಾರ ಅದು ಹೀಗಿತ್ತು. ಅಪ್ಪ ಒಂದು ಸಂಜೆ ದೊಡ್ಡ ಸುರುಳಿಯೊಂದನ್ನು ತಂದ. ಹಂಗಳದ ಕಡೆಯ ಕಾಡಿನ ನಕ್ಷೆ, ಅವನೇ ಹಿಂದೆ ಎಳೆದದ್ದು. ಅದರ ಬದಲಿಗೆ ಹೊಸ ಹಾಳೆ ತಯಾರಾಗುತ್ತಿದ್ದುದರಿಂದ ಹಳೆಯದು ರದ್ದು. ಮಾರನೆಯ ದಿನ ಅವ್ವ ಅದನ್ನು ಹಿತ್ತಲ ಕಲ್ಲಿನ ಮೇಲೆ ಹರಡಿ ನೀರು ಕಾಯಿಸಲು ಹೋದಾಗ ಬೊಮ್ಮಿ ಬಂದಳು. ಆಗ ತಾನೇ ಅಕ್ಷರ ಕಲಿಯುತ್ತಿದ್ದ ನಾನು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಹಾಳೆಯ ಮೇಲೂ ಓದಿದೆ: ನೇರಳಹಟ್ಟಿ. ಹೆಸರಿನ ಕೆಳಗೆ ಪುಟ್ಟ ಪುಟ್ಟ ಕೆಂಪು ತ್ರಿಕೋನಗಳು, ಏಳು. ಬೊಮ್ಮಿ ಚೀಲ ಕೆಳಗಿಟ್ಟು ಹತ್ತಿರ ಬಂದಳು. ಇದೇನೆಂದು ಕೇಳಿದಳು, ನಿಮ್ಮ ಮನೆಗಳು ಎಂದೆ. ಅವಳು ಹಾಳೆಯ ಎರಡು ಅಂಚು ಹಿಡಿದು ಅದನ್ನು ಮೆಲ್ಲಗೆ ತಿರುಗಿಸತೊಡಗಿದಳು. ಹಾಳೆಯಲ್ಲಿದ್ದ ಬೆಟ್ಟ, ಗೋಡೆಯಾಚೆ ನಿಂತಿದ್ದ ಬೆಟ್ಟದ ಕಡೆಗೆ ಬರುವವರೆಗೆ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಬೆರಳಿನಿಂದ ಹಳ್ಳದ ಗೆರೆ ಹಿಡಿದು ಬಂದು, ಮನೆಗಳು ಹಳ್ಳದ ಆಚೆ ಅಲ್ಲ, ಈ ಕಡೆಗೆ ಇರಬೇಕು ಎಂದಳು. ಅಪ್ಪನ ಹಾಳೆಯಲ್ಲಿ ತಪ್ಪು ಹುಡುಕಿದವರನ್ನು ನಾನು ನೋಡಿದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಜಗಳವಾಯಿತು. ಹೊಸ ಹಾಳೆಯಲ್ಲಿ ಆ ಏಳು ಗುರುತುಗಳಿಲ್ಲ ಎಂಬುದು ಅವ್ವನಿಗೆ ಹೇಗೋ ಗೊತ್ತಾಗಿತ್ತು. ಅಪ್ಪ ಅದೇ ಹೊಸ ಹಾಳೆಯನ್ನು ಮುಂದಿನ ಕೋಣೆಯಲ್ಲಿ ಮುಗಿಸುತ್ತಿದ್ದ. ಅಲ್ಲಿ ಬೆಟ್ಟವಿತ್ತು, ಹಳ್ಳವಿತ್ತು, ಹಾಡಿ ಇರಲಿಲ್ಲ.

"ಬೊಮ್ಮಿ ಹಿತ್ಲಲ್ಲಿ ಕುಂತವ್ಳೆ. ಅವ್ಳ್ ಮನೆ ಇಲ್ಲ ಅಂತ ಎಂಗ್ ಎಳುದ್ರಿ?"

"ಮ್ಯಾಲಿಂದ ಬಂದ ಪ್ರತೀಲಿ ಏನದೋ ಅದ ಎಳೀಬೇಕು. ನಾನ್ ಗೆರೆ ಎಳಿಯೋನು, ಕಾಡ್ ಮಾಡ್ದೋನಲ್ಲ."

ಅವ್ವ ಸಾರಿನ ಪಾತ್ರೆಯನ್ನು ಅವನ ಪಕ್ಕಕ್ಕೆ ಇಟ್ಟು, ಬಡಿಸದೆ, ಹಿತ್ತಲಿಗೆ ಹೋದಳು. ಅಪ್ಪ ತಾನೇ ಬಡಿಸಿಕೊಳ್ಳಲೂ ಇಲ್ಲ, ಏಳಲೂ ಇಲ್ಲ. ಮುದ್ದೆ ತಟ್ಟೆಯಲ್ಲಿ ಆರಿ ಹೊರಪದರ ಒಣಗಿತು. ನನಗೆ ಗೊತ್ತಿದ್ದಂತೆ ಅವನು ಊಟ ಬಿಟ್ಟದ್ದು ಅದೊಂದೇ ದಿನ. ಆಮೇಲೆ ಎದ್ದು ಮುಂಗೈಗೆ ಟವೆಲು ಸುತ್ತಿಕೊಂಡು ಮೇಜಿಗೆ ಹೋದ.

ಕೆಲವು ತಿಂಗಳ ಮೇಲೆ ನೇರಳಹಟ್ಟಿಯವರನ್ನು ಲಾರಿಗಳಲ್ಲಿ ತಂದು ಹಂಗಳದ ಈಚೆ, ರಸ್ತೆಯ ಬದಿಯ ಬಯಲಿಗೆ ಇಳಿಸಿದರು. ಯಾರು, ಯಾವ ಆದೇಶದ ಮೇಲೆ ಎಂಬುದು ನಮ್ಮ ಮನೆಯಲ್ಲಿ ಚರ್ಚೆಯಾಗಲಿಲ್ಲ. ಕಾಡು ಈಗ ಪ್ರಾಣಿಗಳಿಗೆ ಎಂದಷ್ಟೇ ನನಗೆ ಗೊತ್ತಾಯಿತು, ಮಗುವಾಗಿ ನನಗೆ ಅದು ಸರಿಯೆನಿಸಿತು ಕೂಡ. ಬೊಮ್ಮಿಗೆ ಆ ಬಯಲಿನಲ್ಲಿ ಹೆರಿಗೆಯಾಯಿತು. ಕೂಸನ್ನು ಎತ್ತಿಕೊಂಡು ಬಂದ ದಿನ ಅವ್ವ ಹೊಲಿದಿಟ್ಟಿದ್ದ ಜಬಲಾ ಅಂಗಿಯನ್ನು ಅವಳ ಕೈಗೆ ಕೊಟ್ಟಳು. ಆ ಹಾಳೆಯ ಬಟ್ಟೆಯಿಂದಲೇ ಮಾಡಿದ್ದು. ನಮ್ಮ ಬಟ್ಟೆಗಳಂತಲ್ಲದೆ ಅದು ಅಚ್ಚ ಬಿಳುಪು, ಒಂದು ಗುಲಾಬಿ ಚುಕ್ಕೆಯೂ ಇಲ್ಲ. ಬೊಮ್ಮಿ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅವ್ವನ ಹೊಲಿಗೆ ಅಷ್ಟು ಚಂದವಿತ್ತು ಎಂದು ನಾನು ತಿಳಿದೆ. ತರಗತಿಗಳಲ್ಲಿ ಹಾಗೆಯೇ ಹೇಳಿದೆ.

ನಾನು ಸಮಾಜಶಾಸ್ತ್ರ ಓದಿ, ಅದನ್ನೇ ಕಲಿಸಿ, ಯಾವ ಊರಿನಲ್ಲೂ ಐದು ವರ್ಷ ನಿಲ್ಲದೆ ನಿವೃತ್ತನಾದೆ. ಮೂಲನಿವಾಸಿಗಳ ವಿಷಯ ನನ್ನ ಪಾಲಿಗೆ ಬಂದದ್ದೋ ನಾನೇ ಹುಡುಕಿಕೊಂಡದ್ದೋ, ಹೇಳಲಾರೆ. ಧ್ರುವದ ಹತ್ತಿರ ಹಿಮಸಾರಂಗಗಳ ಹಿಂದೆ ನಡೆಯುವವರು, ಮರುಭೂಮಿಯ ಒಂದೊಂದು ನೀರಿನ ಗುಂಡಿಯನ್ನೂ ಹಾಡಿನಲ್ಲಿ ನೆನಪಿಟ್ಟುಕೊಂಡವರು, ನಕ್ಷತ್ರ ನೋಡಿ ದ್ವೀಪದಿಂದ ದ್ವೀಪಕ್ಕೆ ದೋಣಿ ನಡೆಸಿದವರು, ಇವರೆಲ್ಲರ ಬಗ್ಗೆ ಓದಿದೆ. ಅವರ ನೆಲ ಅವರಿಂದ ಹೋದ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಮೊದಲು ಕಾಗದದಲ್ಲಿ ಇಲ್ಲವಾಗುತ್ತಾರೆ, ಆಮೇಲೆ ನೆಲದಲ್ಲಿ. ಇದನ್ನು ಹೇಳುವಾಗ ವಿದ್ಯಾರ್ಥಿಗಳು ತೂಕಡಿಸಿದರೆ ನಕ್ಷೆಯ ಅಂಗಿಯ ಕತೆ ತೆಗೆಯುತ್ತಿದ್ದೆ. ತಕ್ಷಣ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಅದೇ ಬಾಯಲ್ಲಿ, ನೆನಪನ್ನು ನಂಬಬೇಡಿ, ಹೇಳಿದಷ್ಟು ಸಲವೂ ಅದು ಹೇಳುವವನ ಅನುಕೂಲಕ್ಕೆ ಬಗ್ಗುತ್ತದೆ ಎಂದೂ ಕಲಿಸುತ್ತಿದ್ದೆ. ಏಳು ತ್ರಿಕೋನಗಳು ಕೆಲವು ವರ್ಷ ಒಂಬತ್ತಾದದ್ದುಂಟು. ಒಂದು ಸಲ, ತರಗತಿ ಚೆನ್ನಾಗಿ ನಡೆಯುತ್ತಿದ್ದಾಗ, ಬೊಮ್ಮಿ ಅತ್ತಳು ಎಂದುಬಿಟ್ಟೆ. ಅವಳು ಅಳಲಿಲ್ಲ. ಕೊನೆಯ ವರ್ಷ ಒಬ್ಬ ಹುಡುಗಿ ಫೋನಿನಲ್ಲಿ ಲೋಕದ ನಕ್ಷೆಯೊಂದನ್ನು ತೋರಿಸಿದಳು. ಯಾವ ನೆಲ ಮೊದಲು ಯಾವ ಜನರದಾಗಿತ್ತು ಎಂದು ಬಣ್ಣ ಬಣ್ಣವಾಗಿ, ಒಂದರ ಮೇಲೊಂದು ಹೊದಿಸಿದಂತೆ ತುಂಬಿದ್ದರು. ಊರಿನ ಹೆಸರು ಬರೆದರೆ ಅಲ್ಲಿಗೇ ಹೋಗುತ್ತದೆ ಸಾರ್, ನಿಮ್ಮದು ಯಾವ ಊರು ಎಂದಳು. ಗುಂಡ್ಲುಪೇಟೆ ಎಂದೆ. ಬಣ್ಣಗಳೆಲ್ಲ ಹಿಂದೆ ಸರಿದು ಪರದೆ ಬೂದುಬಣ್ಣದಲ್ಲಿ ನಿಂತಿತು. ಅಲ್ಲಿ ಏನೂ ಇರಲಿಲ್ಲ. ಮಾಹಿತಿ ಸೇರಿಸಿಲ್ಲ ಅಷ್ಟೆ ಎಂದು ಹುಡುಗಿ ಸಮಾಧಾನ ಹೇಳಿದಳು. ಅಪ್ಪನ ಹೊಸ ಹಾಳೆಯನ್ನು ನಾನು ಎರಡನೆಯ ಸಲ ನೋಡುತ್ತಿದ್ದೇನೆ ಎನಿಸಿತು. ಅಂದಿನಿಂದ ಆ ಕತೆ ಹೇಳುವುದನ್ನು ಬಿಟ್ಟೆ.

ಆದರೆ ಕತೆ ಆಗಲೇ ನನ್ನಿಂದ ಹೊರಗೆ ಹೋಗಿತ್ತು. ಹೋದ ಬೇಸಿಗೆಯಲ್ಲಿ ನನ್ನ ಮೈಸೂರಿನ ಮನೆಗೆ ಒಬ್ಬ ಹೆಂಗಸು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ದಪ್ಪದೊಂದು ಫೈಲು. ಹಂಗಳದ ಹತ್ತಿರದ ಹಾಡಿಯವರು, ಅಲ್ಲಿಯ ಅರಣ್ಯ ಹಕ್ಕು ಸಮಿತಿಯಲ್ಲಿದ್ದಾರೆ, ಹೆಸರು ಗೌರಿ. ಅವರ ಹಾಡಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಗಿಯ ಕತೆ ಹೇಳಿದ್ದನಂತೆ. ಕುರ್ಚಿಯಲ್ಲಿ ಕೂತು ನೀರು ಕುಡಿದ ಮೇಲೆ ಅವರು ಹೇಳಿದ ಮೊದಲ ಮಾತು ಇದು:

"ಆ ಕೂಸು ನಾನೇ ಸಾ."

ನನ್ನ ಕತೆಯ ಕೂಸಿಗೆ ಐವತ್ತು ದಾಟಿತ್ತು. ನೇರಳಹಟ್ಟಿಯಲ್ಲಿ ತಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ, ದೇವರ ಕಲ್ಲು, ಜೇನು ಕಟ್ಟುವ ಮರಗಳು ಇರುವಲ್ಲಿಗೆ ಹೋಗಿಬರುವ, ಅಲ್ಲಿಯವರೆನ್ನಿಸಿಕೊಳ್ಳುವ ಹಕ್ಕಿಗಾಗಿ ಅವರು ಅರ್ಜಿ ಹಾಕಿದ್ದರು. ನಿಮ್ಮ ಹಾಡಿ ಅಲ್ಲಿತ್ತು ಎನ್ನುವುದಕ್ಕೆ ಏನು ದಾಖಲೆ ಎಂದು ಅರ್ಜಿ ಎರಡು ಸಲ ವಾಪಸು ಬಂದಿತ್ತು. ಹಳೆಯ ನಕ್ಷೆಯಲ್ಲಿ ಇಲ್ಲ ಎಂದಿದ್ದರು. ಯಾವ ಹಳೆಯ ನಕ್ಷೆ ಎಂಬುದು ನನಗೆ ಗೊತ್ತಿತ್ತು: ಅಪ್ಪನ ಹೊಸ ಹಾಳೆ. ದಾಖಲೆಗಳ ಜೊತೆಗೆ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಕೊಡಬಹುದು, ಆದರೆ ಹೇಳಿಕೆ ಕೊಡುವವರು ಅರ್ಜಿದಾರರಾಗಿರಬಾರದು. ನೇರಳಹಟ್ಟಿಯನ್ನು ನೋಡಿದ್ದ ಹೊರಗಿನವರು ಯಾರೂ ಈಗ ಉಳಿದಿಲ್ಲ. ಅದಕ್ಕೇ ಬಂದೆ ಎಂದರು. ನಾನು ನನ್ನ ವೃತ್ತಿಯ ಮಾತುಗಳನ್ನೆಲ್ಲ ಆಡಿದೆ: ಆಗ ನನಗೆ ಆರು ವರ್ಷ, ಇದನ್ನು ನೂರಾರು ಸಲ ಹೇಳಿದ್ದೇನೆ, ಎಷ್ಟು ಕಂಡದ್ದು ಎಷ್ಟು ಕಟ್ಟಿದ್ದು ನನಗೇ ಗೊತ್ತಿಲ್ಲ, ನಾಳೆ ಯಾರಾದರೂ ಪ್ರಶ್ನಿಸಿದರೆ ನಿಮಗೇ ತೊಂದರೆ. ಗೌರಿ ಪೂರ್ತಿ ಕೇಳಿಸಿಕೊಂಡರು.

"ಗೊತ್ತಿಲ್ದಿರೋದ ಗೊತ್ತಿಲ್ಲ ಅಂತ್ಲೇ ಬರೀರಿ ಸಾ. ಗೊತ್ತಿರೋದ ಬುಡಬ್ಯಾಡಿ, ಅಷ್ಟೆಯ."

ನಾನು ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದೆ. ಅದು ತಪ್ಪಿಸಿಕೊಳ್ಳುವ ದಾರಿಯಾಗಿತ್ತು, ಯಾಕೆಂದರೆ ಅಕ್ಕ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಅಂಥ ಹಾಳೆಯೇ ಇರಲಿಲ್ಲ, ಇದೆಲ್ಲ ಇವನ ಪಾಠದ ಕತೆ ಎಂದು ಅವಳು ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದಳು. ಅವ್ವ ಇಲ್ಲ, ಅಪ್ಪ ಇಲ್ಲ, ಬೊಮ್ಮಿಯೂ ಇಲ್ಲ. ಅಕ್ಕ ಒಬ್ಬಳು ಇಲ್ಲವೆಂದರೆ ನನ್ನ ಆರು ವರ್ಷದ ನೆನಪು ನಿಲ್ಲುವುದಿಲ್ಲ, ನಾನು ಪಾರು.

ಅಕ್ಕ ಶಾಲೆಯ ಟೀಚರಾಗಿ ನಿವೃತ್ತಳಾಗಿ ಚಾಮರಾಜನಗರದಲ್ಲಿದ್ದಾಳೆ. ಅವಳ ಅಡುಗೆಮನೆಯಲ್ಲಿ ಅವ್ವನ ಹಳೆಯ ಮೊಸರುಬಟ್ಟೆಯೊಂದು ಈಗಲೂ ಬಳಕೆಯಲ್ಲಿದೆ. ತೂತು ಬಿದ್ದಿದೆ, ಮೂಲೆಯಲ್ಲಿ ಮಾಸಿದ ಗುಲಾಬಿ ಚುಕ್ಕೆಗಳಿವೆ. ನಾನು ಹೋದಾಗ ಅವಳು ಅದನ್ನು ಹಿಂಡಿ ತಂತಿಗೆ ಹಾಕುತ್ತಿದ್ದಳು. ಗೌರಿ ಬಂದದ್ದು, ಕೇಳಿದ್ದು, ನಾನು ಹೇಳಿದ್ದು ಎಲ್ಲ ತಿಳಿಸಿದೆ. ಅವಳು ನನ್ನ ಕತೆಯನ್ನು ಇನ್ನೊಮ್ಮೆ ಹೇಳಿಸಿದಳು. ಹಾಳೆಯ ಮೇಲೆ ನಾನು ನೇರಳಹಟ್ಟಿ ಎಂದು ಓದಿದೆ ಎನ್ನುವಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ನಕ್ಷೇಲಿ ಯೆಸ್ರು ಯಾವ್ ಅಕ್ಸರ್ದಲ್ಲಿ ಇರ್ತಿದ್ವು?"

ಇಂಗ್ಲಿಷಿನಲ್ಲಿ ಎಂದೆ. ಬಾಯಿಂದ ಹೊರಟ ಮೇಲೆ ನನಗೆ ಅರ್ಥವಾಯಿತು. ಒಂದನೆಯ ತರಗತಿಯಲ್ಲಿ ನಾನು ಕಲಿಯುತ್ತಿದ್ದುದು ಕನ್ನಡದ ಅಕ್ಷರ. ನನ್ನ ಇಡೀ ಕತೆಯ ಮೊದಲ ಹಲಗೆಯೇ ಸುಳ್ಳು, ಮೂವತ್ತು ವರ್ಷ ಎಲ್ಲರ ನೆನಪನ್ನೂ ಅನುಮಾನಿಸಿದ ನನಗೆ ಇದು ಹೊಳೆದಿರಲಿಲ್ಲ. ಒಂದು ಕ್ಷಣ ಹಗುರವೂ ಆಯಿತು. ಹಾಗಾದರೆ ಏನೂ ನಡೆದಿಲ್ಲ, ಗೌರಿಗೆ ಫೋನು ಮಾಡಿ ಕ್ಷಮೆ ಕೇಳಬಹುದು.

"ಓದಿದ್ದು ನಾನ್ ಕಣ್ಲಾ. ಆರ್ನೆ ಕ್ಲಾಸು. ನೀನ್ ಪಕ್ಕದಲ್ಲಿ ಮೂಗ್ ಸುರಿಸ್ಕಂಡು ನಿಂತಿದ್ದೆ."

ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳು, ನನ್ನ ಮುಖ ನೋಡಲಿಲ್ಲ. ಏಳು ಗುರುತುಗಳಿದ್ದವು. ಓದಿ ತೋರಿಸಿದ್ದು ಅವಳು, ಇವು ನಿಮ್ಮ ಮನೆ ಎಂದದ್ದೂ ಅವಳು. ಬೊಮ್ಮಿ ಹಾಳೆ ತಿರುಗಿಸಿದ್ದು, ಹಳ್ಳದ ಈ ಕಡೆ ಎಂದದ್ದು ನಿಜ. ಆಮೇಲೆ ಅವ್ವ ಬಿಸಿನೀರಿನ ಕೊಳದಪ್ಪಲೆ ಹಿಡಿದು ಬಂದಾಗ ಬೊಮ್ಮಿ ಆ ಹಾಳೆಯನ್ನು ಬೇಡಿದಳು. ಇದು ನನಗೆ ಗೊತ್ತೇ ಇರಲಿಲ್ಲ. ಹುಟ್ಟುವ ಕೂಸಿಗೆ ಬೇಕು, ಇಟ್ಟುಕೊಳ್ಳುತ್ತೇನೆ ಎಂದಳಂತೆ.

"'ಅಂಗೇ ಕೊಡವ್ವಾ' ಅಂದ್ಲು. 'ತೊಳೀಬ್ಯಾಡ, ಅಂಗೇ ಕೊಡು' ಅಂತ."

ಅವ್ವ ನಕ್ಕಳಂತೆ. ಈ ಬಿರುಸು ಬಟ್ಟೆಯನ್ನು ಹಾಗೇ ಹಾಕಿದರೆ ಎಳೆಗೂಸಿನ ಚರ್ಮ ಸುಲಿದುಹೋಗುತ್ತದೆ, ನಾನು ಬೆಣ್ಣೆಯಂತೆ ಮಾಡಿಕೊಡುತ್ತೇನೆ ಎಂದಳಂತೆ. ಒಂದು ಸಲವಲ್ಲ, ಎರಡು ಸಲ ಬೇಯಿಸಿದಳು. ಕೂಸಿನ ಅಂಗಿಯ ಮೇಲೆ ಕಲೆ ಇರಬಾರದೆಂದು, ನಮ್ಮ ಬಟ್ಟೆಗಳಿಗೆ ಎಂದೂ ಮಾಡದ ಕೆಲಸ ಮಾಡಿದಳು: ಕೆಂಪಿದ್ದಲ್ಲೆಲ್ಲ ನಿಂಬೆಹುಳಿ ತಿಕ್ಕಿ, ಮೂರು ದಿನ ಹುಲ್ಲಿನ ಮೇಲೆ ಬಿಸಿಲಿಗೆ ಹರಡಿ, ಒಣಗಿದಂತೆಲ್ಲ ನೀರು ಚಿಮುಕಿಸಿದಳು. ಅಪ್ಪನ ಮೇಲಿನ ಸಿಟ್ಟೂ ಆ ತಿಕ್ಕಿನಲ್ಲಿ ಇತ್ತು ಎಂದು ಅಕ್ಕ ಹೇಳುತ್ತಾಳೆ. ಅವನು ಬೊಮ್ಮಿಗೆ ಮಾಡಿದ್ದಕ್ಕೆ ತಾನಾದರೂ ಒಳ್ಳೆಯದು ಮಾಡಬೇಕು ಎಂಬಂತೆ ತಿಕ್ಕಿದಳು. ಏಳು ಗುರುತುಗಳೂ ಹೋದವು.

ಇಷ್ಟು ವರ್ಷ ಯಾಕೆ ಇಲ್ಲವೆನ್ನುತ್ತಿದ್ದೆ ಎಂದು ಕೇಳಿದೆ. ಅಪ್ಪ ಹೇಳಿದ್ದನಂತೆ, ಆ ಹಾಳೆ ಮನೆಗೆ ಬಂದದ್ದು ಯಾರಿಗೂ ತಿಳಿಯಕೂಡದು ಎಂದು. ಅವನು ಹೋದ ಮೇಲೆ ಆ ಮಾತನ್ನು ಕಾಯುವ ಕೆಲಸ ತನ್ನದು ಎಂದುಕೊಂಡಿದ್ದಳು. ತರಗತಿಗಳಲ್ಲಿ ನಾನು ಅಪ್ಪನನ್ನು ಹಾಸ್ಯದ ಪಾತ್ರ ಮಾಡಿ ನಗಿಸುತ್ತೇನೆಂದು ಯಾರೋ ಹೇಳಿದ್ದು ಕೇಳಿ ಇನ್ನಷ್ಟು ಬಿಗಿಯಾದಳು. ಅದಿಷ್ಟೇ ಅಲ್ಲ. ತಂತಿಯ ಮೇಲಿನ ಬಟ್ಟೆಯನ್ನು ನೋಡುತ್ತ ಹೇಳಿದಳು:

"ನಾ ಓದ್ದೆ ಇದ್ದಿದ್ರೆ ಅವ್ಳು ಕೇಳ್ತಿರ್ಲಿಲ್ಲ. ಅವ್ಳು ಕೇಳ್ದೆ ಇದ್ದಿದ್ರೆ ಅವ್ವ ಆ ಪಾಟಿ ತೊಳೀತಿರ್ಲಿಲ್ಲ. ಕೆಂಪಾದ್ರೂ ಉಳ್ಕತಿತ್ತು ಕಣ್ಲಾ, ನಿನ್ ಚಡ್ಡೀಲಾದ್ರೂವೆ."

ನಾನು ಬೇಡವೆಂದರೂ ಮಾರನೆಯ ದಿನ ಅವಳೇ ಬಸ್ಸು ಹತ್ತಿಸಿದಳು. ಗುಂಡ್ಲುಪೇಟೆಯಲ್ಲಿ ಇಳಿದು ಬಸ್ಸು ಬದಲಿಸುವಾಗ ನಮ್ಮ ಬೀದಿಯ ಕಡೆ ನೋಡಿದೆವು. ಮನೆ ಇದ್ದಲ್ಲಿ ಟೈರಿನ ಅಂಗಡಿಯಿತ್ತು, ಒಳಗೆ ಹೋಗಲಿಲ್ಲ. ಹಂಗಳದ ಹತ್ತಿರದ ಹಾಡಿಗೆ ಮುಟ್ಟಿದಾಗ ಇಳಿಹೊತ್ತು. ಸಾಲುಮನೆಗಳ ಮುಂದೆ ಗೌರಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ತಾವು ಚಾಪೆಯ ಮೇಲೆ ಕೂತರು. ಅಕ್ಕ ಕುರ್ಚಿ ಬಿಟ್ಟು ಚಾಪೆಗೆ ಬಂದಳು, ನಾನೂ ಬಂದೆ. ಸ್ಟೀಲಿನ ಲೋಟಗಳಲ್ಲಿ ಕಾಫಿ ಬಂತು, ಎಲ್ಲ ಒಂದೇ ಥರದವು. ಅಕ್ಕ ತನ್ನ ಲೋಟವನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು, ಟೀಚರಿನ ದುಂಡು ಅಕ್ಷರದಲ್ಲಿ ಒಂದೂವರೆ ಪುಟ ಬರೆದಳು. ಹಾಳೆ ಹೇಗಿತ್ತು, ಹೆಸರು ಎಲ್ಲಿತ್ತು, ಗುರುತು ಎಷ್ಟು, ಹಳ್ಳದ ಬಗ್ಗೆ ಬೊಮ್ಮಿ ಹೇಳಿದ ತಿದ್ದುಪಡಿ ಏನು. 'ಸದರಿ ನಕ್ಷೆಯನ್ನು ಎಳೆದವರು ನಮ್ಮ ತಂದೆಯವರು. ಹಾಡಿಯಿಲ್ಲದ ನಕ್ಷೆಯನ್ನು ಎಳೆದವರೂ ಅವರೇ' ಎಂದು ಬರೆದು, ಆ ಎರಡು ವಾಕ್ಯಗಳನ್ನು ಎರಡು ಸಲ ಓದಿಕೊಂಡು, ಸಹಿ ಮಾಡಿದಳು.

ನನ್ನ ಸರದಿ ಬಂದಾಗ ಬರೆಯಲು ಬಹಳ ಕಡಿಮೆ ಉಳಿದಿತ್ತು. ಓದಿದವನು ನಾನಲ್ಲ. ಎಣಿಸಿದವನೂ ಅಲ್ಲ. ಅಂಗಿ ಕೊಟ್ಟ ದಿನ ಅಕ್ಕ ಶಾಲೆಯಲ್ಲಿದ್ದಳು, ಅದೊಂದನ್ನು ಕಂಡವನು ನಾನೊಬ್ಬನೇ. ಅದನ್ನು ಮತ್ತೆ ನೋಡಲು ಯತ್ನಿಸಿದೆ. ಎದುರಿಗೆ ಸಾಲುಮನೆಗಳ ಹೆಂಚಿನ ಮೇಲೆ ಗೋಪಾಲಸ್ವಾಮಿ ಬೆಟ್ಟ ಕೂತಿತ್ತು, ನಮ್ಮ ಹಿತ್ತಲಿನಿಂದ ಕಂಡದ್ದಕ್ಕಿಂತ ದೊಡ್ಡದಾಗಿ. ಹೊಲಿಗೆ ನೋಡುವವರು ಬಟ್ಟೆಯನ್ನು ಹಿಂದುಮುಂದು ಮಗುಚುತ್ತಾರೆ, ಒಳಗನ್ನು ಹೊರಗೆ ಮಾಡಿ ನೋಡುತ್ತಾರೆ. ಬೊಮ್ಮಿ ಹಾಗೆ ಮಾಡಿರಲಿಲ್ಲ. ಅಂಗಿಯನ್ನು ಅಂಗೈಗಳ ಮೇಲೆ ಮಟ್ಟಸವಾಗಿ ಹರಡಿ, ಒಂದು ಮಗ್ಗುಲಿಗೆ ಮೆಲ್ಲಗೆ ತಿರುಗಿಸಿದ್ದಳು, ಮತ್ತೆ ಇನ್ನಷ್ಟು, ಮತ್ತೆ ಇನ್ನಷ್ಟು. ನಡುನಡುವೆ ಗೋಡೆಯಾಚೆ ನೋಡಿದ್ದಳು. ಅಂಗಿಯಲ್ಲಿ ಬೆಟ್ಟ ಇರಲಿಲ್ಲವಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಇದೂ ನಾನು ಈಗ, ಈ ಬೆಟ್ಟವನ್ನು ನೋಡುತ್ತ ಕಟ್ಟಿದ್ದಿರಬಹುದು. ಹಾಗೆಂದೇ ಬರೆದೆ: ಕಂಡದ್ದು ಇದು, ಖಚಿತವಿಲ್ಲ.

ಗೌರಿ ಗಟ್ಟಿಯಾಗಿ ಓದಿ ಎಂದರು. ಓದಿದೆ. ಕಾನೂನಿಗೆ ಇದರಿಂದ ಉಪಯೋಗವಿಲ್ಲ, ಅಕ್ಕನದೇ ಸಾಕು ಎಂದೂ ಸೇರಿಸಿದೆ. ಅವರು ಅಂಗಿ ತಿರುಗಿಸಿದ ಕಡೆಯಿಂದ ಇನ್ನೊಂದು ಸಲ ಓದಿಸಿದರು. ಆಮೇಲೆ ಕೇಳಿದರು:

"ಆಗ ನಾನ್ ಎಲ್ಲಿದ್ದೆ ಸಾ?"

ಅವಳ ಮಡಿಲಲ್ಲಿ ಎನ್ನುವುದು ಸುಲಭವಿತ್ತು. ತರಗತಿಯಲ್ಲಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ. ಬೊಮ್ಮಿಯ ಎರಡು ಕೈಗಳೂ ಅಂಗಿಯ ಕೆಳಗಿದ್ದವು, ಕಣ್ಣು ಬೆಟ್ಟದ ಕಡೆಗಿತ್ತು. ಕೂಸನ್ನು ನಾನು ಎಲ್ಲಿ ಹುಡುಕಿದರೂ ಕಾಣಲಿಲ್ಲ. ಮಡಿಲಲ್ಲಿ ಇಲ್ಲ, ಬೆನ್ನಿನಲ್ಲಿ ಇಲ್ಲ, ಒಗೆಯುವ ಕಲ್ಲಿನ ಪಕ್ಕ ಇಲ್ಲ. ನೆನಪಿಲ್ಲ ಎಂದೆ. ಅದನ್ನೂ ಬರೆಯಲೇ ಎಂದು ಪೆನ್ನು ತೆರೆದೆ.

ಗೌರಿ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅಕ್ಕನದರ ಕೆಳಗಿಟ್ಟು, ಎರಡನ್ನೂ ಸೇರಿಸಿ ಫೈಲಿಗೆ ಹಾಕಿ ದಾರ ಕಟ್ಟಿದರು.

"ಅಲ್ಲೇ ಇದ್ದಿರ್ತೀನಿ ಬುಡಿ ಸಾ. ಇನ್ನೆಲ್ಲಿಗ್ ಓಗಿರ್ತೀನಿ."